ಅಳೆದು ತೂಗಿ ಕೊಳ್ಳಿ: ಅಪರೂಪದ ನಾಣ್ಯಕ್ಕೆ ಸರಿಯಾದ ಬೆಲೆ ಯಾವುದು?

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಬೆಲೆಯ ಬಗ್ಗೆಯೇ ಇವೆ. "ಇಷ್ಟು ಕೇಳ್ತಿದ್ದಾರೆ, ಕೊಡಬಹುದಾ?" ಅಂತ ಕೆಲವರು. "ಇಷ್ಟಕ್ಕೇ ಕೇಳ್ತಿದ್ದಾರೆ, ಕೊಟ್ಟುಬಿಡಲಾ?" ಅಂತ ಇನ್ನು ಕೆಲವರು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ನೀವು ಬರೆದಿದ್ದ ಮೊತ್ತಗಳನ್ನು ತೆಗೆದಿದ್ದೇನೆ. ಅವು ಮುಂದಿನ ತಿಂಗಳಿಗೇ ಹಳೆಯದಾಗುತ್ತವೆ. ಲೆಕ್ಕ ಹಾಕುವ ದಾರಿ ಗೊತ್ತಿದ್ದರೆ ಯಾವಾಗ ಬೇಕಾದರೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ದೊಡ್ಡದೊಂದು ಬೆಳ್ಳಿ ನಾಣ್ಯ ಸಿಕ್ಕಿತು. ಒಂದು ಬದಿಗೆ ತಲೆ ಮೇಲೆ ಸೆರಗು ಹೊದ್ದ ಹೆಂಗಸಿನ ಮುಖ, ಇನ್ನೊಂದು ಬದಿಗೆ ಎರಡು ತಲೆಯ ಹದ್ದು. ಇಸವಿ 1780. ಇಂಟರ್ನೆಟ್‌ನಲ್ಲಿ ಇದೇ ನಾಣ್ಯಕ್ಕೆ ಒಬ್ಬರು ಬೆಳ್ಳಿಯ ಬೆಲೆಯ ಐವತ್ತು ಪಟ್ಟು ಕೇಳುತ್ತಿದ್ದಾರೆ. ವ್ಯಾಪಾರಿಗೆ ತೋರಿಸಿದರೆ ಬೆಳ್ಳಿಯ ಬೆಲೆಗಿಂತ ಸ್ವಲ್ಪ ಜಾಸ್ತಿ ಕೊಡುತ್ತೇನೆ ಅಂದರು. ಇಬ್ಬರಲ್ಲಿ ಮೋಸ ಮಾಡುತ್ತಿರುವವರು ಯಾರು?

ಉತ್ತರ: ವ್ಯಾಪಾರಿಯಂತೂ ಅಲ್ಲ. ನಿಮ್ಮ ಹತ್ತಿರ ಇರುವುದು ಮರಿಯಾ ತೆರೇಸಾ ಥಾಲರ್. ಆಸ್ಟ್ರಿಯಾವನ್ನು ಆಳಿದ ಮರಿಯಾ ತೆರೇಸಾ ತೀರಿಕೊಂಡದ್ದು 1780ರ ನವೆಂಬರಿನಲ್ಲಿ. ಆಕೆ ಹೋದರೂ ನಾಣ್ಯ ನಿಲ್ಲಲಿಲ್ಲ. ಕೆಂಪು ಸಮುದ್ರದ ಎರಡೂ ದಡಗಳ ವ್ಯಾಪಾರಿಗಳಿಗೆ, ಇಥಿಯೋಪಿಯಾದಲ್ಲಿ, ಯೆಮನ್‌ನಲ್ಲಿ, ಈ ಮುಖ ಮತ್ತು ಈ ಇಸವಿ ಇದ್ದರೇ ನಂಬಿಕೆ. ಹಾಗಾಗಿ 1780 ಅಂತಲೇ ಮತ್ತೆ ಮತ್ತೆ ಹೊಡೆದರು. ವಿಯೆನ್ನಾ, ರೋಮ್, ಲಂಡನ್, ಪ್ಯಾರಿಸ್, ಬರ್ಮಿಂಗ್‌ಹ್ಯಾಮ್, ಬಾಂಬೆ, ಹೀಗೆ ಬೇರೆ ಬೇರೆ ಟಂಕಸಾಲೆಗಳಲ್ಲಿ ಇದು ಅಚ್ಚಾಗಿದೆ. ನಾಣ್ಯದ ಮೇಲಿರುವ ಇಸವಿ ಅದು ಹುಟ್ಟಿದ ಇಸವಿ ಆಗಿರಲೇಬೇಕೆಂದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

ಈಗ ಬೆಲೆ. ಮೊದಲು ತೂಕ ಮಾಡಿ. 28.07 ಗ್ರಾಂ ಹತ್ತಿರ ಬರಬೇಕು. ಇದರಲ್ಲಿ ಸಾವಿರಕ್ಕೆ 833 ಪಾಲು ಬೆಳ್ಳಿ, ಅಂದರೆ ಸುಮಾರು 23.4 ಗ್ರಾಂ. ಅದನ್ನು ಇವತ್ತಿನ ಬೆಳ್ಳಿ ದರಕ್ಕೆ ಗುಣಿಸಿ. ಅದೇ ತಳ. ಅದಕ್ಕಿಂತ ಕೆಳಗೆ ಯಾರು ಕೇಳಿದರೂ ಕೊಡಬೇಡಿ. ಆಮೇಲೆ ನಾಣ್ಯದ ಅಂಚು ನೋಡಿ. ಅಲ್ಲಿ "ನ್ಯಾಯ ಮತ್ತು ದಯೆಯಿಂದ" ಅನ್ನುವ ಅರ್ಥದ ಲ್ಯಾಟಿನ್ ಅಕ್ಷರಗಳು ಉಬ್ಬಿಕೊಂಡಿರುತ್ತವೆ. ಅವು ಚೊಕ್ಕವಾಗಿದ್ದರೆ ಒಳ್ಳೆ ಸೂಚನೆ. ಆಕೆಯ ಭುಜದ ಬ್ರೋಚಿನ ಮುತ್ತುಗಳು, ಹದ್ದಿನ ಬಾಲದ ಗರಿಗಳು, ಇವೆಲ್ಲ ಟಂಕಸಾಲೆಯಿಂದ ಟಂಕಸಾಲೆಗೆ ಸ್ವಲ್ಪ ಸ್ವಲ್ಪ ಬೇರೆ. ಇದನ್ನು ಓದಬಲ್ಲವರಿಗೆ ಒಮ್ಮೆ ತೋರಿಸಿ. ಮೊದಮೊದಲ ಅಚ್ಚಿನದು ಅಂತ ಗೊತ್ತಾದರೆ ಲೆಕ್ಕವೇ ಬೇರೆ. ಈಚಿನದಾದರೆ ವ್ಯಾಪಾರಿ ಹೇಳಿದ್ದೇ ಸರಿ.

ಐವತ್ತು ಪಟ್ಟು ಕೇಳುತ್ತಿರುವವರ ಬಗ್ಗೆ ಒಂದು ಮಾತು. ಕೇಳುವವರ ಬಾಯಿಗೆ ಬೀಗ ಇಲ್ಲ. ಅವರ ನಾಣ್ಯ ಎಷ್ಟು ದಿನದಿಂದ ಅಲ್ಲೇ ಮಾರಾಟಕ್ಕಿದೆ, ಅದನ್ನು ಗಮನಿಸಿ. ಕೇಳಿದ ಬೆಲೆ ಬೇರೆ, ಯಾರೋ ಒಬ್ಬರು ದುಡ್ಡು ಎಣಿಸಿ ಕೊಟ್ಟ ಬೆಲೆ ಬೇರೆ. ನನ್ನ ಪಾಲಿಗೆ ಬೆಲೆ ಅಂದರೆ ಎರಡನೆಯದು ಮಾತ್ರ. ಮೂವತ್ತು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಅತಿ ಮುಖ್ಯವಾದದ್ದು ಇದೇ. ಕೆಳಗಿನ ಉತ್ತರಗಳಲ್ಲೂ ಇದೇ ಮಾತು ಮತ್ತೆ ಮತ್ತೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಒಂದೇ ಇಸವಿಯ, ಒಂದೇ ಟಂಕಸಾಲೆಯ, ಅಮೆರಿಕದ ಹಳೇ ಬೆಳ್ಳಿ ನಾಣ್ಯಗಳಾದ ಎರಡು ಮೋರ್ಗನ್ ಡಾಲರ್‌ಗಳು ನನ್ನ ಮುಂದಿವೆ. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಆಗಿದೆ, 64 ಅಂತ ಚೀಟಿ ಇದೆ. ಇನ್ನೊಂದು ಬಿಡಿ ನಾಣ್ಯ, ನೋಡೋಕೆ ಇದಕ್ಕಿಂತ ಜಾಸ್ತಿ ಹೊಳೆಯುತ್ತದೆ. ಡಬ್ಬಿಯದಕ್ಕೆ ಮೂರು ಪಟ್ಟು ಬೆಲೆ. ಒಂದು ಡಬ್ಬಿಗೋಸ್ಕರ ಇಷ್ಟು ಕೊಡಬೇಕಾ?

ಉತ್ತರ: ನೀವು "ಜಾಸ್ತಿ ಹೊಳೆಯುತ್ತದೆ" ಅಂತ ಬರೆದಿದ್ದೀರಿ. ಅದನ್ನು ಓದಿ ನನಗೆ ಹೆದರಿಕೆ ಆಯಿತು. ಯಾಕೆ ಅಂತ ಹೇಳುತ್ತೇನೆ.

ಸಂಗ್ರಹ ಶುರು ಮಾಡಿದ ಎರಡನೇ ವರ್ಷ. ಇಂಥದೇ ಒಂದು ಬೆಳ್ಳಿ ಡಾಲರ್ ನನ್ನ ಕಣ್ಣಿಗೆ ಬಿತ್ತು. ಕನ್ನಡಿ ಥರ ಫಳಫಳ ಅಂತಿತ್ತು. ಮಾರುವವರು "ಚಲಾವಣೆಯನ್ನೇ ಕಂಡಿಲ್ಲ ಸಾರ್" ಅಂದರು. ನಂಬಿದೆ. ಕೈಯಲ್ಲಿದ್ದದ್ದನ್ನೆಲ್ಲ ಸೇರಿಸಿ ಕೊಟ್ಟೆ. ಆಮೇಲೆ ಒಬ್ಬ ಹಿರಿಯ ಸಂಗ್ರಾಹಕರ ಮನೆಗೆ ಒಯ್ದೆ. ಅವರು ಏನೂ ಮಾತಾಡಲಿಲ್ಲ. ಟೇಬಲ್ ದೀಪ ಹಚ್ಚಿದರು. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಬಲ್ಬಿನ ಕೆಳಗೆ ನಿಧಾನವಾಗಿ ವಾಲಿಸಿದರು. ಆಮೇಲೆ ತಮ್ಮ ಡ್ರಾಯರ್‌ನಿಂದ ಇನ್ನೊಂದು ತೆಗೆದು ಅದನ್ನೂ ಹಾಗೇ ವಾಲಿಸಿದರು. "ಈಗ ನೀನೇ ನೋಡಪ್ಪ" ಅಂದು ಭೂತಗನ್ನಡಿ ಕೈಗೆ ಕೊಟ್ಟರು.

ಅವರ ನಾಣ್ಯದಲ್ಲಿ ಬೆಳಕು ತಿರುಗುತ್ತಿತ್ತು. ನಾಣ್ಯ ವಾಲಿದಂತೆ ಗಾಡಿ ಚಕ್ರದ ಕಡ್ಡಿಗಳ ಹಾಗೆ ಬೆಳಕಿನ ಪಟ್ಟಿಗಳು ನಡುವಿನಿಂದ ಅಂಚಿನವರೆಗೆ ಸುತ್ತು ಹಾಕುತ್ತಿದ್ದವು. ನನ್ನ ನಾಣ್ಯದಲ್ಲಿ ಬೆಳಕು ಇತ್ತು, ಆದರೆ ಅಲ್ಲಾಡುತ್ತಿರಲಿಲ್ಲ. ಎಲ್ಲಾ ಕಡೆ ಒಂದೇ ಸಮ. ಭೂತಗನ್ನಡಿಯಲ್ಲಿ ನೋಡಿದರೆ ಕೂದಲೆಳೆಯಂಥ ಗೀರುಗಳು, ನೂರಾರು, ಒಂದೇ ದಿಕ್ಕಿಗೆ. ಯಾರೋ ಬಟ್ಟೆಗೆ ಪಾಲಿಶ್ ಹಚ್ಚಿಕೊಂಡು ಉಜ್ಜಿದ್ದರು. ಅಚ್ಚು ಬೀಳುವಾಗ ಲೋಹ ಹೊರಮುಖವಾಗಿ ಹರಿಯುತ್ತದೆ. ಆಗ ಮೂಡುವ ಅತಿ ಸಣ್ಣ ಗೆರೆಗಳೇ ಆ ಚಕ್ರದ ಬೆಳಕನ್ನು ಕೊಡುವುದು. ಉಜ್ಜಿದರೆ ಆ ಪದರವೇ ಹೋಗುತ್ತದೆ. ಒಮ್ಮೆ ಹೋದರೆ ಯಾರ ಕೈಲೂ ಅದನ್ನು ವಾಪಸ್ ತರಲು ಆಗುವುದಿಲ್ಲ. ನಾನು ಕೊಟ್ಟದ್ದರಲ್ಲಿ ಅರ್ಧವೂ ಅದಕ್ಕೆ ಬಾಳುತ್ತಿರಲಿಲ್ಲ. ಆ ನಾಣ್ಯವನ್ನು ನಾನು ಇನ್ನೂ ಮಾರಿಲ್ಲ. ಹೊಸಬರು ಬಂದಾಗ ಚೆನ್ನಾಗಿರುವ ಒಂದರ ಪಕ್ಕ ಇಟ್ಟು ದೀಪದ ಕೆಳಗೆ ತೋರಿಸುತ್ತೇನೆ.

ನೀವೂ ಹಾಗೇ ಮಾಡಿ. ಎರಡನ್ನೂ ಒಂದೇ ದೀಪದ ಕೆಳಗೆ ವಾಲಿಸಿ. ಟ್ಯೂಬ್‌ಲೈಟ್ ಬೇಡ, ಒಂದೇ ಕಡೆಯಿಂದ ಬೀಳುವ ಬಲ್ಬಿನ ಬೆಳಕು ಬೇಕು. ಮೋರ್ಗನ್ ಡಾಲರಿನಲ್ಲಿ ಮೊದಲು ಸವೆಯುವ ಜಾಗ ಎರಡು. ಮುಖದ ಬದಿಯಲ್ಲಿ ಕಿವಿಯ ಮೇಲಿನ ಕೂದಲು, ಹಿಂಬದಿಯಲ್ಲಿ ಹದ್ದಿನ ಎದೆ. ಅಲ್ಲಿ ಬಣ್ಣ ಮಂಕಾಗಿ ಬೂದಿಯಂತೆ ಕಂಡರೆ ಅದು ಜನರ ಕೈಯಲ್ಲಿ ಓಡಾಡಿದ ನಾಣ್ಯ, ಉಳಿದದ್ದು ಎಷ್ಟು ಹೊಳೆದರೂ.

ಇನ್ನು ಆ 64. ಈ ಅಂಕಿಯ ಹಿಂದೆ ಒಂದು ಕಥೆ ಇದೆ, ಬೆಲೆಗೂ ಅದಕ್ಕೂ ನೇರ ಸಂಬಂಧ. 1949ರಲ್ಲಿ ವಿಲಿಯಂ ಶೆಲ್ಡನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಹಳೇ ತಾಮ್ರದ ಸೆಂಟ್‌ಗಳಿಗೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿ ತಂದರು. ಅವರಿಗೆ ಅದು ಬರೀ ಗುಣಮಟ್ಟದ ಅಂಕ ಆಗಿರಲಿಲ್ಲ, ಬೆಲೆಯ ಸೂತ್ರವೇ ಆಗಿತ್ತು. ತೀರಾ ಸವೆದ ನಾಣ್ಯಕ್ಕೆ ಒಂದು ಮೂಲಬೆಲೆ ಇಟ್ಟು ಅಂಕದಿಂದ ಗುಣಿಸಿದರೆ ಆಯಿತು. 70 ಅಂಕದ್ದು 1 ಅಂಕದ್ದಕ್ಕಿಂತ ಎಪ್ಪತ್ತು ಪಟ್ಟು. ಆ ಗುಣಾಕಾರ ಜಾಸ್ತಿ ದಿನ ನಡೆಯಲಿಲ್ಲ. ಒಳ್ಳೆ ಸ್ಥಿತಿಯ ನಾಣ್ಯಗಳ ಬೆಲೆ ಸೂತ್ರವನ್ನು ದಾಟಿ ಓಡಿತು. ಅಂಕಿ ಮಾತ್ರ ಉಳಿಯಿತು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಅನ್ನುವ ಗ್ರೇಡಿಂಗ್ ಸಂಸ್ಥೆಗಳು ಬಂದು ನಾಣ್ಯವನ್ನು ಪರೀಕ್ಷೆ ಮಾಡಿ ಅಂಕ ಹಾಕಿ ಡಬ್ಬಿಯಲ್ಲಿ ಸೀಲ್ ಮಾಡಲು ಶುರು ಮಾಡಿದ ಮೇಲೆ ಅದೇ ಅಂಕಿ ಎಲ್ಲರ ಬಾಯಲ್ಲಿ ಬಂತು. 60ರಿಂದ ಮೇಲೆ ಇದ್ದರೆ ಚಲಾವಣೆಗೆ ಹೋಗದ್ದು. 64ಕ್ಕೂ 66ಕ್ಕೂ ನೋಡೋಕೆ ಕೂದಲೆಳೆಯ ವ್ಯತ್ಯಾಸ. ಬೆಲೆಯಲ್ಲಿ ಕೆಲವು ಇಸವಿಗಳಿಗೆ ಹತ್ತು ಪಟ್ಟು ಆಗಬಹುದು.

ಆದ್ದರಿಂದ ಡಬ್ಬಿಗೆ ಜಾಸ್ತಿ ಕೊಡುವುದು ತಪ್ಪಲ್ಲ. ಅಸಲಿ ಅನ್ನುವ ಭರವಸೆ, ಉಜ್ಜಿಲ್ಲ ಅನ್ನುವ ಭರವಸೆ, ಇವೆರಡಕ್ಕೂ ಬೆಲೆ ಇದೆ. ಆದರೆ ಅದಕ್ಕೆ ಮೂರು ಪಟ್ಟು ಬಾಳುತ್ತದಾ ಅನ್ನುವುದಕ್ಕೆ ಒಂದೇ ದಾರಿ. ಅದೇ ಇಸವಿ, ಅದೇ ಟಂಕಸಾಲೆ, ಅದೇ 64 ಅಂಕದ ನಾಣ್ಯ ಈಚಿನ ಒಂದೆರಡು ವರ್ಷದಲ್ಲಿ ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು ನೋಡಿ. ದೊಡ್ಡ ಹರಾಜು ಸಂಸ್ಥೆಗಳು ಹಳೇ ಫಲಿತಾಂಶಗಳನ್ನು ಚಿತ್ರದ ಸಮೇತ ಇಟ್ಟಿರುತ್ತವೆ. ಐದಾರು ಮಾರಾಟ ಹುಡುಕಿ. ತೀರಾ ಮೇಲಿನದನ್ನೂ ತೀರಾ ಕೆಳಗಿನದನ್ನೂ ಬಿಟ್ಟುಬಿಡಿ. ಉಳಿದವುಗಳ ನಡುವೆ ನಿಮಗೆ ಹೇಳಿದ ಬೆಲೆ ಬಂದರೆ ಧೈರ್ಯವಾಗಿ ಕೊಳ್ಳಿ. ಕೊಳ್ಳುವ ಮುಂಚೆ ಚೀಟಿಯ ಮೇಲಿನ ನಂಬರನ್ನು ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ ಪರೀಕ್ಷಿಸಿ. ನಕಲಿ ಡಬ್ಬಿಗಳೂ ಬಂದಿವೆ.

ಪ್ರಶ್ನೆ: ಕ್ಯಾಟಲಾಗಿನಲ್ಲಿ ಇರುವ ಬೆಲೆಯನ್ನು ಪೂರ್ತಿ ಕೊಡಬೇಕಾ?

ಉತ್ತರ: ಬೇಡ. ಕ್ಯಾಟಲಾಗ್ ಬರೆಯುವುದಕ್ಕೂ ಅಚ್ಚಾಗುವುದಕ್ಕೂ ನಿಮ್ಮ ಕೈಗೆ ಬರುವುದಕ್ಕೂ ನಡುವೆ ತಿಂಗಳುಗಳೇ ಕಳೆದಿರುತ್ತವೆ. ಯಾವ ನಾಣ್ಯ ಯಾವುದಕ್ಕಿಂತ ದುಬಾರಿ ಅಂತ ತಿಳಿಯಲು ಅದು ಚೆನ್ನಾಗಿ ಉಪಯೋಗವಾಗುತ್ತದೆ. ಎಷ್ಟು ಕೊಡಬೇಕು ಅನ್ನುವುದಕ್ಕೆ ಮಾರಾಟದ ದಾಖಲೆ ನೋಡಿ. ಬೇಡಿಕೆ ಇಲ್ಲದ ಸಾಮಾನ್ಯ ನಾಣ್ಯಗಳು ಕ್ಯಾಟಲಾಗ್ ಬೆಲೆಗಿಂತ ಎಷ್ಟೋ ಕೆಳಗೆ ಸಿಗುತ್ತವೆ. ನಿಜಕ್ಕೂ ಅಪರೂಪದವು ಅದನ್ನು ದಾಟಿ ಹೋಗುವುದೂ ಉಂಟು.

ಪ್ರಶ್ನೆ: "ಕೇವಲ ಐದು ಸಾವಿರ ಮಾತ್ರ ಅಚ್ಚಾಗಿದೆ" ಅಂತ ಹೇಳಿ ಒಂದು ನಾಣ್ಯಕ್ಕೆ ದೊಡ್ಡ ಬೆಲೆ ಹೇಳುತ್ತಿದ್ದಾರೆ. ಐದು ಸಾವಿರ ಅಂದರೆ ತುಂಬಾ ಕಡಿಮೆ ಅಲ್ವಾ?

ಉತ್ತರ: ಕಡಿಮೆಯೇ. ಆದರೆ ಅದನ್ನು ಬೇಕು ಅನ್ನುವವರು ಐನೂರು ಜನ ಇದ್ದರೆ ಐದು ಸಾವಿರ ತುಂಬಾ ಜಾಸ್ತಿ. ಸಂಗ್ರಾಹಕರಿಗೆ ಅಂತಲೇ ಮಾಡಿ, ಪೆಟ್ಟಿಗೆಯಲ್ಲಿಟ್ಟು ಮಾರಿದ ನಾಣ್ಯಗಳ ಕಥೆ ಹೆಚ್ಚಾಗಿ ಇಷ್ಟೇ. ಐದು ಸಾವಿರಕ್ಕೆ ಐದು ಸಾವಿರವೂ ಹೊಚ್ಚಹೊಸದಾಗಿ ಉಳಿದಿರುತ್ತವೆ. 1909ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯಲ್ಲಿ ಹೊಡೆದ ಲಿಂಕನ್ ಸೆಂಟ್ ಇದೆ, ಹಿಂಬದಿಯಲ್ಲಿ ವಿನ್ಯಾಸಕಾರನ ವಿ.ಡಿ.ಬಿ. ಅನ್ನುವ ಮೂರು ಅಕ್ಷರ ಇರುವುದು. ಅದು ಅಚ್ಚಾಗಿದ್ದು 4,84,000. ನಿಮ್ಮ ಐದು ಸಾವಿರದ ತೊಂಬತ್ತಾರು ಪಟ್ಟಿಗಿಂತ ಜಾಸ್ತಿ. ಆದರೂ ನೂರು ವರ್ಷ ದಾಟಿದರೂ ಅದಕ್ಕೆ ಮುಗಿಬೀಳುತ್ತಾರೆ. ಯಾಕೆಂದರೆ ಲಿಂಕನ್ ಸೆಂಟ್ ಸರಣಿ ಪೂರ್ತಿ ಮಾಡಬೇಕು ಅನ್ನುವವರ ಸಂಖ್ಯೆ ಅಷ್ಟು ದೊಡ್ಡದು.

ಇನ್ನೊಂದು ವಿಷಯ. ಎಷ್ಟು ಅಚ್ಚಾಯಿತು ಅನ್ನುವುದು ಎಷ್ಟು ಉಳಿಯಿತು ಅನ್ನುವುದಕ್ಕೆ ಉತ್ತರ ಅಲ್ಲ. ಅಮೆರಿಕದಲ್ಲಿ 1918ರ ಪಿಟ್‌ಮನ್ ಕಾಯ್ದೆಯ ಪ್ರಕಾರ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್‌ಗಳನ್ನು ಕರಗಿಸಿದರು. ಯಾವ ಇಸವಿಯವು ಎಷ್ಟು ಹೋದವು ಅಂತ ಯಾರೂ ಬರೆದಿಡಲಿಲ್ಲ. ಹೀಗಾಗಿ ಲಕ್ಷಗಟ್ಟಲೆ ಅಚ್ಚಾದವು ಕೆಲವು ಈಗ ಅಪರೂಪ.

ಇದರ ಉಲ್ಟಾ ಕೂಡ ನಡೆದಿದೆ, ಅದನ್ನು ಕೊಳ್ಳುವವರು ಮರೆಯಬಾರದು. 1903ರಲ್ಲಿ ನ್ಯೂ ಆರ್ಲಿಯನ್ಸ್ ಟಂಕಸಾಲೆಯಲ್ಲಿ ಹೊಡೆದ ಮೋರ್ಗನ್ ಡಾಲರ್ ಬಹಳ ವರ್ಷ ಸಿಗದ ಮಾಣಿಕ್ಯ ಅನ್ನಿಸಿಕೊಂಡಿತ್ತು. ಒಳ್ಳೆ ಸ್ಥಿತಿಯದು ಯಾರ ಹತ್ತಿರವೂ ಇಲ್ಲ ಅಂತ ಎಲ್ಲರ ನಂಬಿಕೆ. 1962ರ ಕೊನೆಯಲ್ಲಿ ಸರ್ಕಾರದ ಖಜಾನೆಯಿಂದ ಮುಟ್ಟದ ಮೂಟೆಗಳು ಹೊರಗೆ ಬಂದವು. ಮೂಟೆಗೆ ಸಾವಿರ ನಾಣ್ಯ. ಅದರಲ್ಲಿ ಇದೇ ನಾಣ್ಯ ರಾಶಿ ರಾಶಿ. ಬೆಲೆ ರಾತ್ರೋರಾತ್ರಿ ಕುಸಿಯಿತು. ಹಿಂದಿನ ವಾರ ಕೊಂಡವರ ಸ್ಥಿತಿ ನೆನೆಸಿಕೊಂಡರೆ ನನಗೆ ಈಗಲೂ ಸಂಕಟ ಆಗುತ್ತದೆ.

ಹಾಗಾಗಿ ಮಾರುವವರನ್ನು ಎರಡು ಪ್ರಶ್ನೆ ಕೇಳಿ. ಉಳಿದಿರುವುದು ಎಷ್ಟು? ಕಳೆದ ವರ್ಷ ಇದು ಎಷ್ಟು ಸಲ ಕೈ ಬದಲಾಯಿಸಿದೆ? ಮೊದಲನೆಯದಕ್ಕೆ, ಯಾವ ನಾಣ್ಯ ಎಷ್ಟು ಪರೀಕ್ಷೆಗೆ ಬಂದಿದೆ ಅಂತ ಗ್ರೇಡಿಂಗ್ ಸಂಸ್ಥೆಗಳು ಪ್ರಕಟಿಸುವ ಪಟ್ಟಿ ಒಂದಷ್ಟು ಸಹಾಯ ಮಾಡುತ್ತದೆ. ಆದರೆ ಹೆಚ್ಚು ಅಂಕ ಬರಲಿ ಅಂತ ಡಬ್ಬಿ ಒಡೆದು ಅದೇ ನಾಣ್ಯವನ್ನು ನಾಲ್ಕಾರು ಸಲ ಕಳಿಸುವವರಿದ್ದಾರೆ. ಒಂದೇ ನಾಣ್ಯ ಪಟ್ಟಿಯಲ್ಲಿ ನಾಲ್ಕಾಗಿ ಕೂತಿರಬಹುದು.

ಪ್ರಶ್ನೆ: 1943ರ ತಾಮ್ರದ ಸೆಂಟ್ ಒಂದನ್ನು ಪರಿಚಯದವರೊಬ್ಬರು ಮಾರುತ್ತಿದ್ದಾರೆ. ಇದು ಬಹಳ ದುಬಾರಿ ಅಂತ ಕೇಳಿದ್ದೇನೆ. ಅವರು ಕೇಳುತ್ತಿರುವುದು ತೀರಾ ಕಡಿಮೆ. ಬಿಡಬಾರದು ಅನ್ನಿಸುತ್ತಿದೆ.

ಉತ್ತರ: ದಯವಿಟ್ಟು ಒಂದು ಅಯಸ್ಕಾಂತ ತೆಗೆದುಕೊಂಡು ಹೋಗಿ. ಯುದ್ಧಕ್ಕೆ ತಾಮ್ರ ಬೇಕಾಗಿತ್ತು ಅಂತ ಆ ವರ್ಷ ಅಮೆರಿಕ ಸತುವಿನ ಲೇಪ ಕೊಟ್ಟ ಉಕ್ಕಿನ ಸೆಂಟ್‌ಗಳನ್ನು ಹೊಡೆಯಿತು. ಹಿಂದಿನ ವರ್ಷದ ತಾಮ್ರದ ಬಿಲ್ಲೆಗಳು ಕೆಲವೇ ಕೆಲವು ಅಕಸ್ಮಾತ್ ಯಂತ್ರಕ್ಕೆ ಸಿಕ್ಕಿಬಿದ್ದವು. ಅವೇ ಆ ದುಬಾರಿ ನಾಣ್ಯಗಳು. ಉಕ್ಕಿನ ಸೆಂಟಿಗೆ ತಾಮ್ರದ ನೀರು ಹಾಕಿ ಮಾರುವುದು ಹಳೇ ಕಸುಬು. ಅಯಸ್ಕಾಂತಕ್ಕೆ ಅಂಟಿಕೊಂಡರೆ ಕಥೆ ಅಲ್ಲಿಗೇ ಮುಗಿಯಿತು. ಅಂಟಿಕೊಳ್ಳದಿದ್ದರೂ ಅಸಲಿ ಅಂತಲ್ಲ. 1948ರ ಸೆಂಟಿನ 8ರ ಎಡ ಬದಿಯನ್ನು ಕೆರೆದು 3 ಮಾಡಿದವರಿದ್ದಾರೆ. 3ರ ಬಾಲ ಹೇಗಿದೆ ಅಂತ ಭೂತಗನ್ನಡಿಯಲ್ಲಿ, ಅಸಲಿ 1943ರ ಉಕ್ಕಿನ ನಾಣ್ಯದ ಪಕ್ಕ ಇಟ್ಟು ಹೋಲಿಸಿ. ಇದನ್ನೂ ದಾಟಿದರೆ ಆಗ ಗ್ರೇಡಿಂಗ್ ಸಂಸ್ಥೆಗೆ ಕಳಿಸುವ ಖರ್ಚು ಮಾಡಬಹುದು. ಅಲ್ಲಿಂದ ಉತ್ತರ ಬರುವವರೆಗೆ ದುಡ್ಡು ಕೊಡಬೇಡಿ.

ಬೆಳ್ಳಿ ನಾಣ್ಯಕ್ಕೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಬೇರೆ ಮೂವರು ಕೇಳಿದ್ದಾರೆ. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಮೋರ್ಗನ್ ಡಾಲರನ್ನೇ ತೆಗೆದುಕೊಳ್ಳಿ. ಸವೆಯದೇ ಇದ್ದರೆ ತೂಕ 26.73 ಗ್ರಾಂ. ಈಗ ತಕ್ಕಡಿಯ ಮೇಲೆ ನೀರು ತುಂಬಿದ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳ್ಳನೆ ದಾರದಲ್ಲಿ ಕಟ್ಟಿ ನೀರಿನೊಳಗೆ ಇಳಿಬಿಡಿ. ತಳಕ್ಕೂ ಗೋಡೆಗೂ ತಾಗಬಾರದು. ಗುಳ್ಳೆ ಅಂಟಿಕೊಂಡಿದ್ದರೆ ಅಲ್ಲಾಡಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. 2.6 ಗ್ರಾಂ ಆಸುಪಾಸು ಬರಬೇಕು. 26.73ನ್ನು ಅದರಿಂದ ಭಾಗಿಸಿದರೆ 10.3. ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ ಇರುವ ನಾಣ್ಯದ ಸಾಂದ್ರತೆ ಅಷ್ಟೇ. ತಾಮ್ರ-ನಿಕಲ್ ಮಿಶ್ರಣದ ನಕಲಿಯಾದರೆ 3 ಗ್ರಾಂ ನೀರು ಸರಿಯುತ್ತದೆ, ಲೆಕ್ಕ 8.9ಕ್ಕೆ ಇಳಿಯುತ್ತದೆ. ಆಮೇಲೆ ನಾಣ್ಯವನ್ನು ಮೆತ್ತಗಿನ ಬಟ್ಟೆಯ ಮೇಲಿಟ್ಟು ನೀರು ಹೀರಿಸಿ. ಒರೆಸಬೇಡಿ, ಒತ್ತಿ ಅಷ್ಟೇ. ಚಿನ್ನಕ್ಕೆ ಈ ಪರೀಕ್ಷೆ ಒಂದನ್ನೇ ನಂಬಬೇಡಿ. ಟಂಗ್‌ಸ್ಟನ್‌ನ ಸಾಂದ್ರತೆ 19.25, ಶುದ್ಧ ಚಿನ್ನದ್ದು 19.3. ಒಳಗೆ ಟಂಗ್‌ಸ್ಟನ್ ಇಟ್ಟರೆ ನೀರಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಮೊದಲ ಸಲ ಹರಾಜಿನಲ್ಲಿ ಕೂಗಬೇಕು ಅಂತಿದ್ದೇನೆ. ನನಗೆ ಬೇಕಾದ ನಾಣ್ಯ ಹಿಂದಿನ ವರ್ಷ ದಾಖಲೆ ಬೆಲೆಗೆ ಹೋಗಿದೆ. ಎಲ್ಲಿಯವರೆಗೆ ಹೋಗಬಹುದು?

ಉತ್ತರ: ಸುತ್ತಿಗೆ ಬಿದ್ದ ಬೆಲೆಯೇ ನೀವು ಕಟ್ಟುವ ಬೆಲೆ ಅಂದುಕೊಳ್ಳಬೇಡಿ. ಅದರ ಮೇಲೆ ಕೊಳ್ಳುವವರ ಕಮಿಷನ್ ಇರುತ್ತದೆ. ಒಂದು ಪ್ರಸಿದ್ಧ ಉದಾಹರಣೆ ನೋಡಿ. 1933ರ ಅಮೆರಿಕದ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯ 4,45,500 ಅಚ್ಚಾಗಿತ್ತು. ಚಿನ್ನದ ಚಲಾವಣೆಯೇ ನಿಂತದ್ದರಿಂದ ಹೆಚ್ಚುಕಡಿಮೆ ಎಲ್ಲವನ್ನೂ ಕರಗಿಸಿದರು. ತಪ್ಪಿಸಿಕೊಂಡ ಒಂದು 2002ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂತು. ಸುತ್ತಿಗೆ ಬಿದ್ದದ್ದು 66 ಲಕ್ಷ ಡಾಲರಿಗೆ. ಅದರ ಮೇಲೆ ಶೇಕಡಾ 15 ಕಮಿಷನ್, 9 ಲಕ್ಷ 90 ಸಾವಿರ. ಅದರ ಮೇಲೆ ಇನ್ನೂ 20 ಡಾಲರ್! ಈ ನಾಣ್ಯ ಯಾವತ್ತೂ ಅಧಿಕೃತವಾಗಿ ಚಲಾವಣೆಗೆ ಬಿಡುಗಡೆ ಆಗಿರಲಿಲ್ಲ. ಅದಕ್ಕೆ ಮುಖಬೆಲೆಯನ್ನೂ ಸರ್ಕಾರಕ್ಕೆ ಕಟ್ಟಬೇಕಾಯಿತು.

ಈಗೀಗ ಶೇಕಡಾ 20 ಕಮಿಷನ್ ಸಾಮಾನ್ಯ. ನಿಮ್ಮ ಲೆಕ್ಕದಲ್ಲಿ ನಾಣ್ಯ ನೂರಕ್ಕೆ ಬಾಳುತ್ತದೆ ಅಂದರೆ ನೀವು ಕೂಗಬೇಕಾದದ್ದು 83ರವರೆಗೆ. 83ಕ್ಕೆ ಅದರ ಶೇಕಡಾ 20 ಸೇರಿದರೆ ಹೆಚ್ಚುಕಡಿಮೆ ನೂರಾಯಿತು. ಅಂಚೆ, ವಿಮೆ, ತೆರಿಗೆ ಇದ್ದರೆ ಅದನ್ನೂ ಕಳೆಯಿರಿ. ಹಳೇ ಫಲಿತಾಂಶ ನೋಡುವಾಗಲೂ ಒಂದು ಎಚ್ಚರಿಕೆ ಬೇಕು. ಕೆಲವು ಕಡೆ ಕಮಿಷನ್ ಸೇರಿಸಿದ ಬೆಲೆ ಕೊಟ್ಟಿರುತ್ತಾರೆ, ಕೆಲವು ಕಡೆ ಸುತ್ತಿಗೆ ಬೆಲೆ ಮಾತ್ರ. ಎರಡನ್ನೂ ಕಲಸಿದರೆ ಲೆಕ್ಕ ಕೆಡುತ್ತದೆ.

ದಾಖಲೆ ಬೆಲೆಯ ಮಾತಿಗೆ ಬರೋಣ. ಹರಾಜಿನ ಬೆಲೆಯನ್ನು ಗೊತ್ತು ಮಾಡುವುದು ಗೆದ್ದವನಲ್ಲ, ಸೋತವನು. ಅವನು ಎಲ್ಲಿ ಕೈ ಇಳಿಸುತ್ತಾನೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಸುತ್ತಿಗೆ ಬೀಳುತ್ತದೆ. ಹೋದ ವರ್ಷ ಇಬ್ಬರು ಹಟಕ್ಕೆ ಬಿದ್ದು ಬೆಲೆ ಏರಿಸಿದರು ಅಂದುಕೊಳ್ಳಿ. ಅವರಲ್ಲಿ ಒಬ್ಬನ ಹತ್ತಿರ ಈಗ ನಾಣ್ಯ ಇದೆ. ಅವನು ಮತ್ತೆ ಬರುವುದಿಲ್ಲ. ಈ ಸಲ ಉಳಿದವನ ಎದುರು ಮೂರನೆಯವನು, ಅಂದರೆ ಹೋದ ಸಲ ಬಹಳ ಮುಂಚೆಯೇ ಕೈ ಇಳಿಸಿದವನು. ಅವನ ಮಿತಿಯೇ ಈ ಸಲದ ಬೆಲೆ. ಅದಕ್ಕೇ ದಾಖಲೆಯಾದ ಮರುವರ್ಷ ಅದೇ ಥರದ ನಾಣ್ಯ ಎಷ್ಟೋ ಸಲ ಕೆಳಗೆ ಹೋಗುತ್ತದೆ. ದಾಖಲೆ ಬೆಲೆಯ ಹಿಂದಿನ ಎರಡು ಮೂರು ಮಾರಾಟ ಹುಡುಕಿ. ನಿಮ್ಮ ಮಿತಿಯನ್ನು ಅಲ್ಲಿ ಇಡಿ. ಚೀಟಿಯ ಮೇಲೆ ಬರೆದು ಮುಂದೆ ಇಟ್ಟುಕೊಳ್ಳಿ. ಕೂಗುವ ಬಿಸಿಯಲ್ಲಿ "ಇನ್ನೊಂದೇ ಸಲ" ಅನ್ನಿಸುತ್ತದೆ. ಆಗ ಆ ಚೀಟಿ ನೋಡಿ ಕೈ ಇಳಿಸಿ. ಜಗತ್ತಿನಲ್ಲಿ ಐದೇ ಐದು ಇರುವ, ಅಮೆರಿಕದ ಐದು ಸೆಂಟಿನ ನಾಣ್ಯವಾದ 1913ರ ಲಿಬರ್ಟಿ ನಿಕಲ್‌ನಂಥದ್ದಾದರೆ ಕಾಯಲು ಆಗದು, ಒಪ್ಪುತ್ತೇನೆ. ಉಳಿದವು ಒಂದೆರಡು ವರ್ಷದಲ್ಲಿ ಮತ್ತೆ ಬಂದೇ ಬರುತ್ತವೆ.

ಪ್ರಶ್ನೆ: ಅಪ್ಪ ತೀರಿಕೊಂಡರು. ನಲವತ್ತು ವರ್ಷ ಕೂಡಿಟ್ಟ ನಾಣ್ಯಗಳಿವೆ. ನನಗೆ ಇದರ ಬಗ್ಗೆ ಏನೂ ಗೊತ್ತಿಲ್ಲ. ವ್ಯಾಪಾರಿಯೊಬ್ಬರು ಬಂದು ನೋಡಿ ಒಟ್ಟಿಗೆ ಒಂದು ಮೊತ್ತ ಹೇಳಿದರು. ಇವತ್ತೇ ಒಪ್ಪಿದರೆ ಮಾತ್ರ ಅಂತಾರೆ. ಅಪ್ಪನ ಶ್ರಮವನ್ನು ಕಡಿಮೆಗೆ ಕೊಟ್ಟುಬಿಡುತ್ತೇನೇನೋ ಅಂತ ನಿದ್ದೆ ಬರುತ್ತಿಲ್ಲ.

ಉತ್ತರ: ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು, ಇವತ್ತೇ ಅನ್ನುವವರಿಗೆ ಇಲ್ಲ ಅಂದುಬಿಡಿ. ನಲವತ್ತು ವರ್ಷ ಇದ್ದದ್ದು ಇನ್ನು ನಾಲ್ಕು ತಿಂಗಳು ಇದ್ದರೆ ಏನೂ ಆಗುವುದಿಲ್ಲ.

ವ್ಯಾಪಾರಿ ಮಾರುವ ಬೆಲೆಗೆ ನಿಮ್ಮಿಂದ ಕೊಳ್ಳಲು ಆಗುವುದಿಲ್ಲ, ಅದು ನ್ಯಾಯವೇ. ಅವರ ದುಡ್ಡು ತಿಂಗಳುಗಟ್ಟಲೆ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ಕೆಲವು ಮಾರಾಟವೇ ಆಗುವುದಿಲ್ಲ. ನನ್ನ ಅನುಭವದಲ್ಲಿ ಬೇಡಿಕೆ ಇರುವ ಒಳ್ಳೆ ನಾಣ್ಯಕ್ಕೆ ಮಾರುಕಟ್ಟೆ ಬೆಲೆಯ ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಜಾಸ್ತಿ ಕೊಟ್ಟರೆ ಸರಿಯಾದ ವ್ಯವಹಾರ. ಸಾಮಾನ್ಯ ನಾಣ್ಯಗಳಿಗೆ ಅರ್ಧ ಕೊಟ್ಟರೂ ಬೇಸರ ಪಡಬೇಕಿಲ್ಲ. ತೊಂದರೆ ಇರುವುದು ಒಟ್ಟು ಮೊತ್ತದಲ್ಲಿ. ಸಂಗ್ರಹದ ಬೆಲೆಯಲ್ಲಿ ಬಹುಪಾಲು ಎಂಟೋ ಹತ್ತೋ ನಾಣ್ಯಗಳಲ್ಲಿ ಕೂತಿರುತ್ತದೆ. ಉಳಿದ ನೂರಾರು ಸೇರಿ ಅಷ್ಟಾಗುವುದಿಲ್ಲ. ರಾಶಿಗೆ ಒಂದೇ ಮೊತ್ತ ಹೇಳಿದರೆ ಆ ಹತ್ತಕ್ಕೆ ಎಷ್ಟು ಕೊಟ್ಟರು ಅಂತ ನಿಮಗೆ ತಿಳಿಯುವುದೇ ಇಲ್ಲ. ಆ ಹತ್ತು ಯಾವುವು ಅಂತ ಮೊದಲು ಗುರುತಿಸಬೇಕು. ಪಟ್ಟಿ ಮಾಡಿಕೊಡುವುದಕ್ಕೆ ಮಾತ್ರ ಶುಲ್ಕ ತೆಗೆದುಕೊಳ್ಳುವ, ಕೊಳ್ಳುವ ಮಾತೇ ಎತ್ತದ ಒಬ್ಬರಿಗೆ ತೋರಿಸಿ. ಆಮೇಲೆ ಆ ಹತ್ತನ್ನು ಹರಾಜಿಗೆ ಕೊಡಿ, ಉಳಿದದ್ದಕ್ಕೆ ಇಬ್ಬರು ಮೂವರು ವ್ಯಾಪಾರಿಗಳಿಂದ ಬೇರೆ ಬೇರೆಯಾಗಿ ಬೆಲೆ ಕೇಳಿ.

ನಾಣ್ಯಗಳನ್ನು ತೊಳೆಯಬೇಡಿ, ಒರೆಸಬೇಡಿ. ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ.

ನೀವು ಪತ್ರದ ಕೊನೆಯಲ್ಲಿ ಒಂದು ಮಾತು ಬರೆದಿದ್ದೀರಿ. ಪ್ರತಿ ನಾಣ್ಯವೂ ಸಣ್ಣ ಕಾಗದದ ಲಕೋಟೆಯಲ್ಲಿದೆ, ಮೇಲೆ ಅಪ್ಪನ ಕೈಬರಹದಲ್ಲಿ ತಾರೀಕು, ಯಾರಿಂದ ತಂದದ್ದು, ಎಷ್ಟು ಕೊಟ್ಟದ್ದು ಅಂತೆಲ್ಲ ಇದೆ, ಹಳದಿಯಾಗಿವೆ, ಎಸೆದು ಹೊಸ ಪ್ಲಾಸ್ಟಿಕ್ ಕವರಿಗೆ ಹಾಕಲಾ ಅಂತ. ಎಸೆಯಬೇಡಿ. ಒಂದು ನಾಣ್ಯ ಎಲ್ಲಿಂದ ಬಂತು, ಯಾರ ಕೈಯಲ್ಲಿ ಎಷ್ಟು ವರ್ಷ ಇತ್ತು ಅನ್ನುವುದಕ್ಕೆ ಬರಹದ ಸಾಕ್ಷಿ ಇದ್ದರೆ ಹರಾಜಿನಲ್ಲಿ ಅದಕ್ಕೆ ಜಾಸ್ತಿ ಕೊಡುತ್ತಾರೆ. ನಕಲಿಗಳು ಇಷ್ಟು ಹೆಚ್ಚುವ ಮುಂಚೆಯೇ ಕೊಂಡದ್ದು ಅನ್ನುವುದಕ್ಕೂ ಆ ತಾರೀಕೇ ಆಧಾರ. ಹಳೇ ಕಾಗದದಲ್ಲಿ ಗಂಧಕದ ಅಂಶ ಇದ್ದರೆ ಬೆಳ್ಳಿ ಕಪ್ಪಾಗುತ್ತದೆ, ಹಾಗಾಗಿ ನಾಣ್ಯವನ್ನು ಪಿವಿಸಿ ಇಲ್ಲದ ಪ್ಲಾಸ್ಟಿಕ್ ಕವರಿಗೆ ಹಾಕಿ, ಲಕೋಟೆಯನ್ನು ಅದರ ಹಿಂದೆಯೇ ಇಡಿ. ಒಂದು ಸಲಕ್ಕೆ ಒಂದನ್ನೇ ತೆಗೆಯಿರಿ. ಯಾವ ಲಕೋಟೆ ಯಾವ ನಾಣ್ಯದ್ದು ಅಂತ ಅದಲುಬದಲಾದರೆ ಮತ್ತೆ ಹೊಂದಿಸಲು ಈಗ ಅಪ್ಪ ಇಲ್ಲ.